ಮೂವತ್ತೇಳರಂತೆ ಎಣಿಸಿ: ದೊಡ್ಡ ಜಿಗಿತಕ್ಕೆ ಹತ್ತು ಸೂತ್ರ

ಮದುವೆಗೆಂದು ನಾವು ಆರು ಜನ ಖಾಸಗಿ ಬಸ್ಸು ಹತ್ತಿದ್ದೆವು. ತಲೆಗೆ 37 ರೂಪಾಯಿ ಟಿಕೆಟ್. ನಾನು ಮೊಬೈಲ್ ತೆಗೆದು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಕಂಡಕ್ಟರ್ ಕೈ ಚಾಚಿ, ‘ಇನ್ನೂರ ಇಪ್ಪತ್ತೆರಡು ಕೊಡಿ ಸಾರ್’ ಅಂದ. ‘ಅದೆಂಗಪ್ಪಾ ಅಷ್ಟು ಬೇಗ?’ ಎಂದೆ. ‘ಮೂರಾಳಿಗೆ ನೂರಾ ಹನ್ನೊಂದು ಸಾರ್. ಆರಾಳಿಗೆ ಅದರ ಡಬಲ್. ಒಂಬತ್ತಾಳಿದ್ರೆ ಮುನ್ನೂರ ಮೂವತ್ಮೂರು’ ಎಂದವನು ದುಡ್ಡೆಣಿಸಿ ಚೀಲಕ್ಕೆ ಹಾಕಿ ಮುಂದಿನ ಸೀಟಿಗೆ ಹೋಗಿಬಿಟ್ಟ.

ಆತ 37ನ್ನು ಆರು ಸಲ ಕೂಡಿರಲಿಲ್ಲ. ಮೂರು ಹೆಜ್ಜೆಗೊಮ್ಮೆ ಅದು ಎಲ್ಲಿ ಕಾಲೂರುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಅಷ್ಟೆ. ಎರಡರಂತೆ, ಐದರಂತೆ, ಹತ್ತರಂತೆ ಎಣಿಸುವುದನ್ನು ಒಂದನೇ ಕ್ಲಾಸಿನಲ್ಲೇ ಎಲ್ಲರೂ ಕಲಿಯುತ್ತೇವೆ. 37ರಂತೆ, 48ರಂತೆ, 125ರಂತೆ ಎಣಿಸಿ ಎಂದರೆ ದೊಡ್ಡವರೂ ತಡವರಿಸುತ್ತೇವೆ. ಸಂಖ್ಯೆ ದೊಡ್ಡದಾಯಿತು ಎಂದಲ್ಲ, ಪ್ರತಿ ಹೆಜ್ಜೆಗೂ ಹೊಸದಾಗಿ ಕೂಡಲು ಹೋಗುತ್ತೇವೆ, ಅದಕ್ಕೆ. ದೊಡ್ಡ ಜಿಗಿತದಲ್ಲಿ ಗೆಲ್ಲುವುದು ಸಂಖ್ಯೆಯ ನಡಿಗೆ ಬಲ್ಲವನು. ಆ ನಡಿಗೆ ಹಿಡಿಯಲು ಹತ್ತು ಸೂತ್ರ ಇಲ್ಲಿವೆ. ಪೆನ್ನು, ಹಾಳೆ ಹತ್ತಿರವಿಟ್ಟುಕೊಂಡೇ ಓದಿ.

1. ಹತ್ತಿರದ ಸೊನ್ನೆಗೆ ಹೋಗಿ, ಹೆಚ್ಚಾದದ್ದನ್ನು ಕಳೆಯಿರಿ

98ರಂತೆ ಎಣಿಸಬೇಕೇ? ನೂರು ಕೂಡಿ, ಎರಡು ಕಳೆಯಿರಿ. 98, 196, 294, 392, 490. ನೂರರ ಸ್ಥಾನ ಒಂದೊಂದೇ ಏರುತ್ತದೆ, ಬಿಡಿ ಸ್ಥಾನ ಎರಡೆರಡು ಇಳಿಯುತ್ತದೆ, ನಡುವಿನ 9 ಐದು ಹೆಜ್ಜೆ ಅಲ್ಲಾಡದೆ ಕೂತಿರುತ್ತದೆ. ಆರನೆಯ ಹೆಜ್ಜೆಗೆ 588 ಬಂದಾಗ ಅದೂ ಒಂದು ಮೆಟ್ಟಿಲು ಇಳಿಯುತ್ತದೆ. 19ರ ಮಗ್ಗಿಯೂ ಹೀಗೆಯೇ: 19, 38, 57, 76, 95. ಹತ್ತರ ಸ್ಥಾನ ಎರಡೆರಡು ಮೇಲೆ, ಬಿಡಿ ಸ್ಥಾನ ಒಂದೊಂದು ಕೆಳಗೆ. ‘ಹತ್ತೊಂಬತ್ತೊಂದ್ಲ ಹತ್ತೊಂಬತ್ತು’ ಎಂದು ಬಾಯಿಪಾಠ ಮಾಡುವಾಗ ಇದನ್ನು ಯಾರಾದರೂ ತೋರಿಸಿದ್ದರೆ ನಮ್ಮಲ್ಲಿ ಅರ್ಧ ಜನ ಕಿವಿ ಹಿಂಡಿಸಿಕೊಳ್ಳುತ್ತಿರಲಿಲ್ಲ.

ಅಂಗಡಿಯ 99, 199, 499ರ ಚೀಟಿಗಳಿಗೂ ಇದೇ ಮದ್ದು. 499ರ ಸೀರೆ ಐದು ಎಂದರೆ ಎರಡೂವರೆ ಸಾವಿರಕ್ಕೆ ಐದು ಕಮ್ಮಿ: 2495.

2. ಹತ್ತನೆಯ ಹೆಜ್ಜೆ ಪುಕ್ಕಟೆ, ಐದನೆಯದು ಅದರ ಅರ್ಧ

ಯಾವ ಸಂಖ್ಯೆಯಾದರೂ ಸರಿ, ಎಣಿಸಲು ಶುರುಮಾಡುವ ಮೊದಲೇ ಹತ್ತನೆಯ ಹೆಜ್ಜೆ ಬರೆದಿಡಿ. ಅದಕ್ಕೆ ಲೆಕ್ಕವೇ ಬೇಡ, ಒಂದು ಸೊನ್ನೆ ಸಾಕು. 37ಕ್ಕೆ 370. ಅದರ ಅರ್ಧ 185 ಐದನೆಯದು. 370ರಿಂದ ಒಂದು ಹೆಜ್ಜೆ ಹಿಂದೆ ಸರಿದರೆ ಒಂಬತ್ತನೆಯದು 333. 185ಕ್ಕೆ ಒಂದು ಹೆಜ್ಜೆ ಸೇರಿಸಿದರೆ ಆರನೆಯದು 222. ಹತ್ತು ಹೆಜ್ಜೆಯಲ್ಲಿ ನಾಲ್ಕು ಹೀಗೆ ಕೈಗೆ ಬಂದವು.

ಜೊತೆಗೆ ಪ್ರತಿ ಸಂಖ್ಯೆಗೂ ತನ್ನದೇ ತಂಗುದಾಣಗಳಿರುತ್ತವೆ. 37 ಮೂರು ಹೆಜ್ಜೆಗೊಮ್ಮೆ 111ರಲ್ಲಿ ತಂಗುತ್ತದೆ. 75 ನಾಲ್ಕು ಹೆಜ್ಜೆಗೆ 300. 125 ಎಂಟು ಹೆಜ್ಜೆಗೆ 1000. 143 ಏಳು ಹೆಜ್ಜೆಗೆ 1001. ಬಸ್ಸಿನಲ್ಲಿ ಹೋಗುವವರು ದಾರಿಯ ಮರ ಎಣಿಸುವುದಿಲ್ಲ, ಸ್ಟಾಪು ಎಣಿಸುತ್ತಾರೆ. ಇಲ್ಲೂ ಹಾಗೇ ಮಾಡಿ.

3. ಬಿಡಿ ಸ್ಥಾನದ ಸುತ್ತು ಹಿಡಿಯಿರಿ

37ರಂತೆ ಹತ್ತು ಹೆಜ್ಜೆ ಬರೆದು ಕೊನೆಯ ಅಂಕಿಗಳನ್ನಷ್ಟೇ ಓದಿ: 7, 4, 1, 8, 5, 2, 9, 6, 3, 0. ಈಗ ಮೊಬೈಲಿನ ಕ್ಯಾಲ್ಕುಲೇಟರ್ ತೆರೆದು ಅದರ ಗುಂಡಿಗಳನ್ನು ನೋಡಿ. ಎಡಗಡೆಯ ಸಾಲು ಮೇಲಿಂದ ಕೆಳಕ್ಕೆ 7, 4, 1. ನಡುವಿನದು 8, 5, 2. ಬಲಗಡೆಯದು 9, 6, 3. ಕೊನೆಗೆ ಕೆಳಗೆ 0. ಬಸ್ಸಿನಲ್ಲಿ ನಾನು ಹುಡುಕುತ್ತಿದ್ದ ಕ್ಯಾಲ್ಕುಲೇಟರಿನ ಮುಖದ ಮೇಲೇ 37ರ ಸುತ್ತು ಅಚ್ಚಾಗಿತ್ತು! ಕಾರಣ ಸರಳ. ಬಿಡಿ ಸ್ಥಾನದ ಮಟ್ಟಿಗೆ ಏಳು ಏರುವುದೂ ಒಂದೇ, ಮೂರು ಇಳಿಯುವುದೂ ಒಂದೇ. ಗುಂಡಿಗಳನ್ನೂ ಮೂರು ಮೂರಾಗಿಯೇ ಜೋಡಿಸಿದ್ದಾರೆ.

ನಿಯಮ ಹೀಗಿದೆ. ಜಿಗಿತದ ಸಂಖ್ಯೆ 1, 3, 7, 9ರಲ್ಲಿ ಮುಗಿದರೆ ಬಿಡಿ ಸ್ಥಾನ ಹತ್ತು ಅಂಕಿಗಳನ್ನೂ ಮುಟ್ಟಿ ಬರುತ್ತದೆ. 2, 4, 6, 8ರಲ್ಲಿ ಮುಗಿದರೆ ಐದೇ ಅಂಕಿಯ ಸುತ್ತು. 48ಕ್ಕೆ 8, 6, 4, 2, 0. ಐದರಲ್ಲಿ ಮುಗಿದರೆ 5, 0 ಎಂಬ ಎರಡೇ ತಾಳ. ಕೊನೆಯ ಎರಡು ಅಂಕಿಗಳ ಸುತ್ತು ಬೇಕಾದವರು ಆ ಸಂಖ್ಯೆಗೂ 100ಕ್ಕೂ ಇರುವ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ಕಂಡುಕೊಂಡು ಅದರಿಂದ 100ನ್ನು ಭಾಗಿಸಿ. 75ಕ್ಕೆ ನಾಲ್ಕು ಹೆಜ್ಜೆ, 48ಕ್ಕೆ ಇಪ್ಪತ್ತೈದು, 37ಕ್ಕೆ ಪೂರ್ತಿ ನೂರು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ನೇರ ಲಾಭ. 48ರ ಮಗ್ಗಿಯಂತೆ ಏರುವ ಸರಣಿಯ ಬಿಟ್ಟ ಸ್ಥಳಕ್ಕೆ ಬೆಸ ಸಂಖ್ಯೆಯ ಆಯ್ಕೆ ಕೊಟ್ಟಿದ್ದರೆ ಲೆಕ್ಕ ಮಾಡುವ ಮೊದಲೇ ಅದನ್ನು ಹೊಡೆದುಹಾಕಬಹುದು.

4. ಅಂಕಿಗಳನ್ನು ಕೂಡಿ ತಪ್ಪು ಹಿಡಿಯಿರಿ

ಪ್ರತಿ ಹೆಜ್ಜೆಯ ಅಂಕಿಗಳನ್ನು ಒಂದೇ ಅಂಕಿಗೆ ಇಳಿಯುವವರೆಗೆ ಕೂಡಿ. 37: ಮೂರು ಏಳು ಹತ್ತು, ಹತ್ತು ಅಂದರೆ ಒಂದು. 74: ಹನ್ನೊಂದು, ಅಂದರೆ ಎರಡು. 111: ಮೂರು. 148: ನಾಲ್ಕು. 185: ಐದು. ಹೀಗೆ ಒಂಬತ್ತರವರೆಗೆ ಹೋಗಿ ಮತ್ತೆ ಒಂದಕ್ಕೆ ಬರುತ್ತದೆ. ಎಷ್ಟನೆಯ ಹೆಜ್ಜೆಯಲ್ಲಿದ್ದೀರಿ ಎಂಬುದನ್ನು ಸಂಖ್ಯೆಯೇ ಹೇಳುತ್ತಿದೆ. 98ರಲ್ಲಿ ಇದೇ ಆಟ ಹಿಂದುಮುಂದು: 8, 7, 6, 5, 4 ಎಂದು ಇಳಿಯುತ್ತದೆ. 48ರಲ್ಲಿ 3, 6, 9 ಎಂಬ ಮೂರೇ ಸ್ವರ.

ನನ್ನ ಅನುಭವ ಹೇಳುತ್ತೇನೆ. 48ರಂತೆ ಎಣಿಸುವಾಗ 288 ಆದಮೇಲೆ 334 ಎಂದು ಬರೆದುಬಿಟ್ಟಿದ್ದೆ. ಅದರ ಅಂಕಿ ಕೂಡಿದರೆ ಹತ್ತು, ಅಂದರೆ ಒಂದು. 48ರ ಸಾಲಿನಲ್ಲಿ ಒಂದಕ್ಕೆ ಜಾಗವೇ ಇಲ್ಲ. ತಿದ್ದಿ 336 ಮಾಡಿದೆ: ಹನ್ನೆರಡು, ಅಂದರೆ ಮೂರು. ಸರಿ ಹೋಯಿತು. ಆದರೆ ಈ ಕಾವಲುಗಾರನಿಗೂ ಒಂದು ಕಣ್ಣು ಮಂಜು. 336ನ್ನು ಅದಲುಬದಲು ಮಾಡಿ 363 ಎಂದು ಬರೆದರೆ, ಅಥವಾ ತಪ್ಪು ಸರಿಯಾಗಿ ಒಂಬತ್ತರಷ್ಟೇ ಆದರೆ, ಇವನಿಗೆ ಕಾಣುವುದಿಲ್ಲ. ಅದಕ್ಕೇ ಮೂರನೆಯ ಸೂತ್ರವನ್ನೂ ಜೊತೆಗಿಟ್ಟುಕೊಳ್ಳಿ. 363 ಬೆಸ ಸಂಖ್ಯೆ, ಅಲ್ಲೇ ಸಿಕ್ಕಿಬೀಳುತ್ತದೆ.

5. ನಾಲ್ಕಾಣೆಯ ಮೆಟ್ಟಿಲು ಮರೆಯಬೇಡಿ

ಮನೆಯ ಹಿರಿಯರನ್ನು 25ರಂತೆ ಎಣಿಸಲು ಹೇಳಿ, ತಡವರಿಸುವುದಿಲ್ಲ. ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ರೂಪಾಯಿ ಎಂದು ಎಣಿಸಿ ಬೆಳೆದವರು ಅವರು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದಲ್ಲಿ ನಾಲ್ಕಾಣೆ ಎಂದರೆ ಕಾಲು ರೂಪಾಯಿ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾಯಿತು, 25 ಪೈಸೆಗೆ ನಾಲ್ಕಾಣೆ ಎಂಬ ಹೆಸರು ಹಾಗೇ ಉಳಿಯಿತು. 2011ರ ಜೂನ್ ಕೊನೆಗೆ ಆ ನಾಣ್ಯದ ಚಲಾವಣೆಯೇ ನಿಂತಿತು, ಆದರೂ ಮೆಟ್ಟಿಲು ನಮ್ಮ ಬಾಯಲ್ಲಿದೆ.

ಆ ಮೆಟ್ಟಿಲನ್ನೇ ದೊಡ್ಡದು ಮಾಡಿ. 250ರಂತೆ: 250, 500, 750, 1000. ಅದರ ಅರ್ಧ 125ರಂತೆ: 125, 250, 375, 500, 625, 750, 875, 1000. ಈ ಎಂಟು ಗೊತ್ತಿದ್ದರೆ 125ರ ಜಿಗಿತ ಎಲ್ಲಿಯವರೆಗೆ ಬೇಕಾದರೂ ಹೋಗುತ್ತದೆ. ಸಾವಿರ ಮಾತ್ರ ಬದಲಾಗುತ್ತದೆ, ಬಾಲ ಬದಲಾಗುವುದಿಲ್ಲ. ಇಪ್ಪತ್ತೊಂದನೆಯ ಹೆಜ್ಜೆ ಎಷ್ಟು? ಎಂಟರಂತೆ ಎರಡು ಸುತ್ತಿಗೆ ಎರಡು ಸಾವಿರ, ಉಳಿದ ಐದು ಹೆಜ್ಜೆಗೆ 625. ಒಟ್ಟು 2625. ಕಾಲು ಕೆ.ಜಿ., ಅದರ ಅರ್ಧ ಎಂದು ತೂಗಿಕೊಡುವ ದಿನಸಿ ಅಂಗಡಿಯವರು ಇದನ್ನು ನಿದ್ದೆಯಲ್ಲೂ ಹೇಳುತ್ತಾರೆ.

6. ಜೋಡಿ ಮಾಡಿ ಜಿಗಿಯಿರಿ

ತೆಂಗಿನಕಾಯಿ ಎಣಿಸುವವರನ್ನು ನೋಡಿದ್ದೀರಾ? ಒಂದೊಂದೇ ಎತ್ತುವುದಿಲ್ಲ, ಕೈಗೊಂದರಂತೆ ಎರಡೆರಡು ಎಸೆಯುತ್ತಾರೆ. ಬೆಲೆಗೂ ಅದನ್ನೇ ಮಾಡಿ. ಕಾಯಿಗೆ 35 ರೂಪಾಯಿ ಎಂದರೆ ಜೋಡಿಗೆ 70. ಹದಿಮೂರು ಕಾಯಿಗೆ ಆರು ಜೋಡಿ 420, ಮೇಲೊಂದು 35, ಒಟ್ಟು 455. ಐದರಲ್ಲಿ ಮುಗಿಯುವ ಯಾವ ಸಂಖ್ಯೆಯನ್ನೂ ಒಂಟಿಯಾಗಿ ಎಣಿಸಬೇಡಿ, ಜೋಡಿಯಾದ ಕೂಡಲೇ ಅದಕ್ಕೆ ಸೊನ್ನೆಯ ಬಾಲ ಬರುತ್ತದೆ.

ಉಳಿದ ಸಂಖ್ಯೆಗಳಿಗೆ ಇಮ್ಮಡಿ ಏಣಿ ಹಾಕಿ. 37, 74, 148, 296: ಇವು ಒಂದನೆಯ, ಎರಡನೆಯ, ನಾಲ್ಕನೆಯ, ಎಂಟನೆಯ ಹೆಜ್ಜೆಗಳು. ಹದಿಮೂರನೆಯದು ಬೇಕೇ? ಎಂಟು, ನಾಲ್ಕು, ಒಂದು ಸೇರಿದರೆ ಹದಿಮೂರು. 296, 148, 37 ಸೇರಿದರೆ 481. ಹದಿಮೂರು ಸಲ ಕೂಡಬೇಕಾಗಿದ್ದದ್ದು ಎರಡೇ ಕೂಡುವಿಕೆಗೆ ಮುಗಿಯಿತು.

7. ಸಾಲಾಗಿ ಬರೆಯಬೇಡಿ, ಚೌಕದಲ್ಲಿ ಬರೆಯಿರಿ

ಒಂದೇ ಉದ್ದ ಸಾಲಿನಲ್ಲಿ ಬರೆದರೆ ವಿನ್ಯಾಸ ಅಡಗಿಕೊಳ್ಳುತ್ತದೆ. ತಂಗುದಾಣ ಎಲ್ಲಿದೆಯೋ ಅಲ್ಲಿ ಸಾಲು ಮುರಿಯಿರಿ. 37ನ್ನು ಮೂರು ಮೂರಾಗಿ ಬರೆದಾಗ ಹೀಗೆ ಕಾಣುತ್ತದೆ:

037, 074, 111
148, 185, 222
259, 296, 333
370, 407, 444
481, 518, 555

ಈಗ ಮೇಲಿಂದ ಕೆಳಕ್ಕೆ ಓದಿ. 037, 148, 259: ಪ್ರತಿ ಅಂಕಿಯೂ ಒಂದೊಂದು ಏರಿದೆ. ಕೊನೆಯ ಕಂಬದಲ್ಲಿ ಮೂರೂ ಅಂಕಿ ಒಂದೇ. ಒಂಬತ್ತು ಸಾಲು ಬರೆದರೆ 999ಕ್ಕೆ ಬಂದು ನಿಲ್ಲುತ್ತೀರಿ, ಇಪ್ಪತ್ತೇಳು ಹೆಜ್ಜೆ.

ಇನ್ನೊಂದು ಸೋಜಿಗ ನೋಡಿ. 148ರ ಮೊದಲ ಅಂಕಿಯನ್ನು ಎತ್ತಿ ಕೊನೆಗಿಡಿ: 481. ಅದೂ ಇದೇ ಚೌಕದಲ್ಲಿದೆ. ಮತ್ತೆ ಎತ್ತಿಡಿ: 814. ಅದೂ 37ರ ಮಗ್ಗಿಯೇ, ಇಪ್ಪತ್ತೆರಡನೆಯ ಹೆಜ್ಜೆ. 259, 592, 925 ಕೂಡ ಹಾಗೆಯೇ. 37ರಂತೆ ಎಣಿಸಿದಾಗ 999 ಸಿಗುವುದರಿಂದಲೇ ಈ ತಿರುಗಣಿ ಸಾಧ್ಯ. ಮಕ್ಕಳ ಮುಂದೆ ಇದನ್ನು ಮಾಡಿ ತೋರಿಸಿ. ಮಗ್ಗಿ ಎಂದರೆ ಮುಖ ಸಿಂಡರಿಸುವ ಹುಡುಗನೂ ತಾನೇ ಒಂದು ಸಂಖ್ಯೆ ತಿರುಗಿಸಿ ನೋಡುತ್ತಾನೆ.

8. ಹಿಂದಕ್ಕೂ ಎಣಿಸಿ

ಮುಂದಕ್ಕೆ ಎಣಿಸಲು ಬರುವವನಿಗೆ ಅರ್ಧ ವಿದ್ಯೆ ಬಂದಿದೆ. ಸಾವಿರದಿಂದ 37ರಂತೆ ಇಳಿದು ನೋಡಿ: 1000, 963, 926, 889. ಮೂರು ಹೆಜ್ಜೆಗೊಮ್ಮೆ ತಂಗಿದರೆ 889, 778, 667, 556, 445, 334, 223, 112, ಕೊನೆಗೆ 1. ಒಂದರಲ್ಲಿ ಮುಗಿದರೆ ದಾರಿಯಲ್ಲಿ ಎಲ್ಲೂ ಎಡವಿಲ್ಲ ಎಂದು ಅರ್ಥ. ತಾನಾಗಿಯೇ ಸರಿ ತಪ್ಪು ಹೇಳುವ ಇಂಥ ಅಭ್ಯಾಸ ಮಕ್ಕಳಿಗೆ ಬಹಳ ಒಳ್ಳೆಯದು, ಮೇಷ್ಟ್ರು ಪಕ್ಕದಲ್ಲಿ ಇರಲೇಬೇಕೆಂದಿಲ್ಲ.

ಚಿಲ್ಲರೆ ಕೊಡುವಾಗ ಮಾತ್ರ ಅಂಗಡಿಯವರ ದಾರಿ ಹಿಡಿಯಿರಿ. 48ರ ಏಳು ಪ್ಯಾಕೆಟ್ಟಿಗೆ 336. ಗಿರಾಕಿ ಐನೂರರ ನೋಟು ಕೊಟ್ಟರೆ ಅಂಗಡಿಯವನು ಕಳೆಯಲು ಕೂರುವುದಿಲ್ಲ. ‘ಮುನ್ನೂರ ಮೂವತ್ತಾರು, ನಾಲ್ಕು ಕೊಟ್ರೆ ನಲವತ್ತು, ಅರವತ್ತು ಕೊಟ್ರೆ ನಾನೂರು, ಇಗೋ ನೂರು, ಐನೂರು’ ಎನ್ನುತ್ತಾ ನಿಮ್ಮ ಅಂಗೈಗೇ 164 ರೂಪಾಯಿ ಎಣಿಸಿಬಿಡುತ್ತಾನೆ. ಕಳೆಯುವ ಲೆಕ್ಕವನ್ನು ಕೂಡುವ ಜಿಗಿತ ಮಾಡಿಕೊಳ್ಳುವುದೇ ಇದರ ಗುಟ್ಟು.

9. ಕ್ಯಾಲೆಂಡರನ್ನು ಆಟದ ಮೈದಾನ ಮಾಡಿಕೊಳ್ಳಿ

ವರ್ಷ ಎಂದರೆ 365ರ ಜಿಗಿತ. 365 ದಿನಕ್ಕೆ 52 ವಾರ ತುಂಬಿ ಒಂದು ದಿನ ಉಳಿಯುತ್ತದೆ. ಹಾಗಾಗಿ ನಿಮ್ಮ ಹುಟ್ಟುಹಬ್ಬದ ವಾರ ವರ್ಷಕ್ಕೆ ಒಂದು ದಿನ ಮುಂದೆ ಹೋಗುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು ದಿನ. ಈಗ ಒಂದು ಲೆಕ್ಕ. 1956ರ ನವೆಂಬರ್ 1, ಕನ್ನಡ ನಾಡು ಒಂದಾದ ದಿನ, ಗುರುವಾರ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973ರ ನವೆಂಬರ್ 1 ಯಾವ ವಾರ? ನಡುವೆ 17 ವರ್ಷ. ಅದರಲ್ಲಿ 1960, 1964, 1968, 1972 ಎಂದು ನಾಲ್ಕು ಅಧಿಕ ವರ್ಷ. 17ಕ್ಕೆ 4 ಸೇರಿದರೆ 21, ಅಂದರೆ ಸರಿಯಾಗಿ ಮೂರು ವಾರ. ಅದೂ ಗುರುವಾರವೇ!

ನಮ್ಮ ಪಂಚಾಂಗ 60ರಂತೆ ಎಣಿಸುತ್ತದೆ. 1987ರ ಯುಗಾದಿಗೆ ಪ್ರಭವ ಸಂವತ್ಸರ ಶುರುವಾಯಿತು. ಮತ್ತೆ ಪ್ರಭವ ಬರುವುದು 2047ಕ್ಕೆ. ಆ ಸಂವತ್ಸರದಲ್ಲಿ ಹುಟ್ಟಿದವರ ಅರವತ್ತರ ಶಾಂತಿಯೂ ಆಗಲೇ. ಮುಂದಕ್ಕೆ 2107, 2167, 2227, 2287. ಕೊನೆಯ ಎರಡಂಕಿ 87ರಿಂದ ಹೊರಟು 47, 07, 67, 27 ಆಗಿ ಮತ್ತೆ 87ಕ್ಕೆ ಬಂತು. ಐದು ಹೆಜ್ಜೆಯ ಸುತ್ತು. ಮೂರನೆಯ ಸೂತ್ರದಲ್ಲಿ ಹೇಳಿದ ಮ.ಸಾ.ಅ. ಹಾಕಿ ನೋಡಿ: 60ಕ್ಕೂ 100ಕ್ಕೂ ಅದು 20, ನೂರನ್ನು ಇಪ್ಪತ್ತರಿಂದ ಭಾಗಿಸಿದರೆ ಐದು.

10. ಒಂದು ಸಂಖ್ಯೆಯನ್ನು ಪೂರ್ತಿ ಒಲಿಸಿಕೊಳ್ಳಿ

ಹತ್ತು ಸಂಖ್ಯೆಯ ಮೇಲೆ ಹತ್ತತ್ತು ನಿಮಿಷ ಕಳೆಯುವುದಕ್ಕಿಂತ ಒಂದೇ ಸಂಖ್ಯೆಯ ಜೊತೆ ಒಂದು ವಾರ ಇರಿ. ಒಂದು ಗೊತ್ತಾದರೆ ಅದರ ನಂಟರೆಲ್ಲ ಪರಿಚಯವಾಗುತ್ತಾರೆ. 37ರ ನಂಟಸ್ತಿಕೆ ಎಷ್ಟು ದೂರ ಹೋಗುತ್ತದೆ ಗೊತ್ತೇ? ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದ. ಗುಣಾಕಾರದ ಭಾಗದಲ್ಲಿ ಆತ ಹಾರದಂತೆ ಕಾಣುವ ಉತ್ತರಗಳ ಲೆಕ್ಕಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲೊಂದು, 8 ಇಲ್ಲದ 12345679. ಅದರಂತೆ ಒಂಬತ್ತು ಹೆಜ್ಜೆ ಹಾಕಿದರೆ 111111111, ಒಂಬತ್ತು ಒಂದುಗಳ ಹಾರ. ಹದಿನೆಂಟು ಹೆಜ್ಜೆಗೆ ಎರಡುಗಳ ಹಾರ. 12345679ನ್ನು 37ರಿಂದ ಭಾಗಿಸಿ ನೋಡಿ, 333667 ಬರುತ್ತದೆ, ಶೇಷ ಸೊನ್ನೆ. ಕಂಡಕ್ಟರನ ನೂರಾ ಹನ್ನೊಂದೂ ಆಚಾರ್ಯನ ಹಾರವೂ ಒಂದೇ ದಾರದಲ್ಲಿ ಪೋಣಿಸಿದವು.

37 ಮುಗಿದಮೇಲೆ ಮುಂದಿನ ವಾರಕ್ಕೆ 142857 ಇಟ್ಟುಕೊಳ್ಳಿ. 142857, 285714, 428571, 571428, 714285, 857142. ಆರು ಹೆಜ್ಜೆ ಅದೇ ಆರು ಅಂಕಿ, ಅದೇ ಸರದಿ, ಶುರುವಾಗುವ ಜಾಗ ಮಾತ್ರ ಬೇರೆ. ಏಳನೆಯ ಹೆಜ್ಜೆಗೆ 999999.

ಅಭ್ಯಾಸವನ್ನು ಬಾಯಿಬಿಟ್ಟು, ಕನ್ನಡದಲ್ಲೇ ಮಾಡಿ. ಇದು ಭಾಷಾಭಿಮಾನದ ಮಾತಲ್ಲ, ಅನುಕೂಲದ ಮಾತು. ಹಿಂದಿಯಲ್ಲಿ 37 ಎಂದರೆ ಸೈಂತೀಸ್, 67 ಎಂದರೆ ಸಡ್‌ಸಠ್. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ನೆನಪಿಡಬೇಕು. ಕನ್ನಡದಲ್ಲಿ ಮೂವತ್ತು ಏಳು ಮೂವತ್ತೇಳು, ಅರವತ್ತು ಏಳು ಅರವತ್ತೇಳು. ಹತ್ತರ ಸ್ಥಾನ ಮೊದಲು, ಬಿಡಿ ಆಮೇಲೆ, ಬರೆದ ಹಾಗೇ ಉಚ್ಚಾರ. ‘ನೂರ ನಲವತ್ತೆಂಟು, ಇನ್ನೂರ ಐವತ್ತೊಂಬತ್ತು’ ಎಂದು ಹೇಳುವಾಗ ಒಂದೊಂದು ಸ್ಥಾನ ಏರುವುದು ಕಿವಿಗೇ ಕೇಳಿಸುತ್ತದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ರಾತ್ರಿ ಊಟದ ಹೊತ್ತಿಗೆ ಹೀಗೆ ಹೇಳಿಸಿ. ಅಪ್ಪ ಒಂದು ಹೆಜ್ಜೆ, ಮಗಳು ಒಂದು ಹೆಜ್ಜೆ, ಅಜ್ಜಿ ಒಂದು ಹೆಜ್ಜೆ. ತಪ್ಪಿದವರು ತಟ್ಟೆ ತೊಳೆಯಲಿ.

ಕ್ಯಾಲ್ಕುಲೇಟರ್ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಉತ್ತರ ಕೊಡುತ್ತದೆ. ನೀವು ಒಂದು ಗುಂಡಿ ತಪ್ಪಾಗಿ ಒತ್ತಿದರೆ ತಪ್ಪು ಉತ್ತರವನ್ನೂ ಅಷ್ಟೇ ಧೈರ್ಯದಿಂದ ಕೊಡುತ್ತದೆ. ಅದು ತಪ್ಪು ಎಂದು ಹೇಳಲು ಸಂಖ್ಯೆಯ ನಡಿಗೆ ತಲೆಯಲ್ಲಿರಬೇಕು. ಇವತ್ತೇ ರಾತ್ರಿ ಮಲಗುವ ಮುನ್ನ 37ರಂತೆ 999ರವರೆಗೆ ಒಮ್ಮೆ ಎಣಿಸಿ. ಇಪ್ಪತ್ತೇಳು ಮೆಟ್ಟಿಲು, ಒಂಬತ್ತು ತಂಗುದಾಣ, ಎರಡೇ ನಿಮಿಷದ ಕೆಲಸ.